ಹೈದರಾಲಿಯ ಹಡಗುಗಳು

ಹೈದರಾಲಿಯ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಅಕ್ಷರಜ್ಞಾನವಿಲ್ಲದೆ, ಕುಲಪರಂಪರೆಯ ಆಸರೆಯಿಲ್ಲದೆ, ಕೇವಲ ಕತ್ತಿಯ ಬಲದಿಂದಲೂ ಬುದ್ಧಿಯ ಬಲದಿಂದಲೂ ಮೈಸೂರಿನ ಸರ್ವಾಧಿಕಾರಿಯಾದ ಈ ಪುರುಷನ ಚರಿತ್ರೆಯನ್ನು ಬರೆದವರೆಲ್ಲ ಪೊಳ್ಳಿಲೂರಿನ ಜಯವನ್ನೂ, ಮದರಾಸಿನ ಹೆಬ್ಬಾಗಿಲಿಗೆ ಹೋಗಿ ನಿಂತ ಸಾಹಸವನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಆದರೆ ಇದೇ ಹೈದರನು ಇಪ್ಪತ್ತು ವರ್ಷಗಳ ಕಾಲ ಕಡಲಿನ ಮೇಲೂ ಕೈಚಾಚಲು ಹೆಣಗಿದನು, ಎರಡು ಬಾರಿ ನೌಕಾಬಲವನ್ನು ಕಟ್ಟಿ ಎರಡು ಬಾರಿಯೂ ಕಳೆದುಕೊಂಡನು ಎಂಬ ಸಂಗತಿಗೆ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಅದೇ ಹೆಚ್ಚು. ಅವನ ಬಾಳಿನ ಈ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯವರಿಗೆ ಕಡಲು ದೂರದ ಮಾತು. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದಲ್ಲಿ ಸಮುದ್ರವೆಂಬ ಶಬ್ದವೇನೋ ಉಂಟು; ಆದರೆ ಆ ಸಮುದ್ರ ಊರ ಮುಂದಿನ ಕೆರೆ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಸಾಲುಸಾಲಾಗಿ ನಡೆಯುವ ಆನೆಗಳನ್ನೂ ಸಿಂಹಗಳನ್ನೂ ಕುದುರೆ ಸವಾರರನ್ನೂ ನೋಡಿ ಬೆಳೆದ ನಮಗೆ ಯುದ್ಧವೆಂದರೆ ನೆಲದ ಯುದ್ಧವೇ. ಆದರೂ ಬೇಲೂರು, ಸಕಲೇಶಪುರಗಳನ್ನು ದಾಟಿ ಘಟ್ಟ ಇಳಿದರೆ ಮಂಗಳೂರು ಬಹಳ ದೂರವೇನಲ್ಲ. ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಾದಿ ನಮ್ಮ ಜಿಲ್ಲೆಯ ಮೂಲಕವೇ ಹಾಯುತ್ತಿತ್ತು. ಸಕಲೇಶಪುರದ ಬಳಿ ನಕ್ಷತ್ರದ ಆಕಾರದಲ್ಲಿ ನಿಂತಿರುವ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನನು ಕಟ್ಟಿಸಿದ್ದು ಈ ಹಾದಿಯನ್ನು ಕಾಯುವುದಕ್ಕಾಗಿ. ಅದು ಮುಗಿದದ್ದು ೧೭೯೨ರಲ್ಲಿ. ಕಡಲ ದಂಡೆಯಲ್ಲಿ ನಿಲ್ಲಿಸಲಾರದ ಶತ್ರುವನ್ನು ಘಟ್ಟದ ತಲೆಯಲ್ಲಾದರೂ ನಿಲ್ಲಿಸಬೇಕೆಂಬ ಯೋಚನೆ ಆ ಕೋಟೆಯ ಕಲ್ಲುಗಳಲ್ಲಿದೆ. ಕಡಲ ದಂಡೆಯಲ್ಲಿ ಏಕೆ ನಿಲ್ಲಿಸಲಾಗಲಿಲ್ಲ ಎಂಬುದಕ್ಕೆ ತಂದೆಯ ಕಥೆಯನ್ನು ನೋಡಬೇಕು.

ಹೈದರನು ಹುಟ್ಟಿದ್ದು ಕೋಲಾರದ ಬಳಿಯ ಬೂದಿಕೋಟೆಯಲ್ಲಿ, ೧೭೨೦ರ ಆಸುಪಾಸಿನಲ್ಲಿ. ತಂದೆ ಫತೇ ಮಹಮದನು ಸಿರಾದ ಸುಬೇದಾರನ ಚಾಕರಿಯಲ್ಲಿದ್ದವನು; ಮಗನು ಇನ್ನೂ ಎಳೆಯನಾಗಿದ್ದಾಗಲೇ ಯುದ್ಧದಲ್ಲಿ ಮಡಿದನು. ಅಣ್ಣ ಶಹಬಾಜನ ನೆರಳಿನಲ್ಲಿ ಬೆಳೆದ ಹೈದರನು ಮೊದಲು ಜನರ ಕಣ್ಣಿಗೆ ಬಿದ್ದದ್ದು ೧೭೪೯ರ ದೇವನಹಳ್ಳಿಯ ಮುತ್ತಿಗೆಯಲ್ಲಿ. ೧೭೫೫ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿ ಫ್ರೆಂಚ್ ಕುಶಲಕರ್ಮಿಗಳನ್ನು ತರಿಸಿ ತೋಪು ಮದ್ದುಗಳ ಕಾರ್ಖಾನೆ ನಡೆಸಿದನು. ತನಗೆ ಬಾರದ ವಿದ್ಯೆಯನ್ನು ಬಲ್ಲವರಿಂದ ಕೊಳ್ಳುವ ಈ ಅಭ್ಯಾಸ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ೧೭೬೧ರ ಹೊತ್ತಿಗೆ ಖಂಡೇರಾಯನ ಪ್ರತಿಭಟನೆಯನ್ನು ಮುರಿದು ಮೈಸೂರಿನ ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡನು. ಅರಮನೆಯಲ್ಲಿ ಒಡೆಯರು ಉಳಿದರು, ಅಧಿಕಾರ ಹೈದರನದಾಯಿತು.

ಅಲ್ಲಿಯವರೆಗೆ ಮೈಸೂರು ರಾಜ್ಯಕ್ಕೆ ಕಡಲ ತೀರವೆಂಬುದು ಇರಲಿಲ್ಲ. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದದ್ದೇ ಎಲ್ಲವನ್ನೂ ಬದಲಿಸಿತು. ಕೆಳದಿಯ ನಾಯಕರ ಕೊನೆಯ ರಾಣಿ ವೀರಮ್ಮಾಜಿ ಮಧುಗಿರಿಯ ಕೋಟೆಯಲ್ಲಿ ಸೆರೆಯಾದಳು, ಬಿದನೂರು ಹೈದರ್‌ನಗರವಾಯಿತು, ಇಂದಿಗೂ ಅದನ್ನು ನಗರವೆಂದೇ ಕರೆಯುತ್ತೇವೆ. ನಾಯಕರ ಬೊಕ್ಕಸದೊಂದಿಗೆ ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಮೊದಲಾದ ಬಂದರುಗಳೂ ಅವನ ವಶವಾದವು. ಈ ಬಂದರುಗಳಿಂದ ಅಕ್ಕಿ, ಮೆಣಸು, ಗಂಧದ ಮರ ಗೋವೆಗೂ ಮಸ್ಕತ್ತಿಗೂ ಹೋಗುತ್ತಿದ್ದವು. ಅರಬ್ಬೀ ಕುದುರೆಗಳು ಬರುತ್ತಿದ್ದವು. ಘಟ್ಟದ ಕಾಡುಗಳಲ್ಲಿ ತೇಗ ಯಥೇಚ್ಛವಾಗಿತ್ತು. ಕರಾವಳಿಯ ಆಚಾರಿಗಳು ತಲೆಮಾರುಗಳಿಂದ ಪತ್ತೇಮಾರಿ, ಮಚವೆಗಳನ್ನು ಕಟ್ಟಿ ಪಳಗಿದವರು. ಮರವಿದೆ, ಹಣವಿದೆ, ಕೈಕೆಲಸದವರಿದ್ದಾರೆ. ಹಾಗಿರುವಾಗ ನೌಕಾಬಲವೇಕೆ ಬೇಡವೆಂದು ಹೈದರನಿಗೆ ತೋರಿದ್ದು ಸಹಜ. ಎರಡು ಶತಮಾನಗಳಿಂದ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಈ ತೀರದ ದೊರೆಗಳನ್ನು ಆಡಿಸಿದ್ದು ಹಡಗಿನ ಬಲದಿಂದಲೇ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು.

ಪಶ್ಚಿಮ ತೀರದಲ್ಲಿ ಹಡಗುಕಟ್ಟೆಯೂ ಆಯುಧಶಾಲೆಯೂ ಆರಂಭವಾದವು. ಕಣ್ಣಾನೂರಿನ ಅಲಿರಾಜನು ತಲೆಮಾರುಗಳಿಂದ ಕಡಲ ವ್ಯಾಪಾರ ಬಲ್ಲವನಾದ್ದರಿಂದ ಹಡಗುಗಳ ಮೇಲಧಿಕಾರ ಮೊದಲು ಅವನ ಪಾಲಿಗೆ ಬಂತು. ಹೈದರನ ತೋಪಿನ ದಳದಲ್ಲಿದ್ದ ಫ್ರೆಂಚನೊಬ್ಬನು ಬರೆದಿಟ್ಟ ಚರಿತ್ರೆಯ ಪ್ರಕಾರ, ಈ ಅಲಿರಾಜನು ಮಾಲ್ಡೀವ್ ದ್ವೀಪಗಳ ಮೇಲೆ ಏರಿಹೋಗಿ ಅಲ್ಲಿಯ ಸುಲ್ತಾನನನ್ನು ಸೆರೆಹಿಡಿದು ಅವನ ಕಣ್ಣುಗಳನ್ನು ಕೀಳಿಸಿದನು; ಇದನ್ನು ಕೇಳಿ ಹೈದರನು ಕುಪಿತನಾಗಿ ಅಲಿರಾಜನನ್ನು ಪದವಿಯಿಂದ ತೆಗೆದು, ಕುರುಡನಾದ ಸುಲ್ತಾನನಲ್ಲಿ ಕ್ಷಮೆ ಬೇಡಿದನು. ಹೈದರನನ್ನು ಕೇವಲ ಕ್ರೂರಿಯೆಂದು ಚಿತ್ರಿಸುವವರು ಈ ಪ್ರಸಂಗವನ್ನು ಬಿಟ್ಟೇಬಿಡುತ್ತಾರೆ.

ಅಲಿರಾಜನು ಹೋದ ಮೇಲೆ ಹೈದರನು ಮಾಡಿದ ಏರ್ಪಾಟು ಮಾತ್ರ ಅವನ ಬುದ್ಧಿಗೆ ತಕ್ಕುದಾಗಿರಲಿಲ್ಲ. ಲುತುಫ್ ಅಲಿ ಬೇಗನೆಂಬ ಕುದುರೆಪಡೆಯ ಸರದಾರನನ್ನು ತಂದು ಹಡಗುಗಳ ಮೇಲೆ ಕೂರಿಸಿದನು. ಬೇಗನು ರಣರಂಗದಲ್ಲಿ ಶೂರನಿರಬಹುದು. ಆದರೆ ಗಾಳಿಯ ದಿಕ್ಕನ್ನೂ ಅಳಿವೆಯ ಆಳವನ್ನೂ ಕುದುರೆಯ ಬೆನ್ನಿನ ಮೇಲೆ ಕುಳಿತು ಕಲಿಯಲು ಬರುತ್ತದೆಯೆ? ಉಪ್ಪುನೀರಿನಲ್ಲೇ ಕೂದಲು ನರೆತ ನಾಯಕರಿಗೆ ಅವನ ಕೈಕೆಳಗಿರುವುದು ಅಪಮಾನವಾಗಿ ಕಂಡಿತು. ೧೭೬೮ರ ಫೆಬ್ರವರಿಯಲ್ಲಿ, ಮೊದಲನೆಯ ಮೈಸೂರು ಯುದ್ಧದ ನಡುವೆ, ಬೊಂಬಾಯಿಯ ಇಂಗ್ಲಿಷರ ಹಡಗುಗಳು ಹೊನ್ನಾವರದ ಮುಂದೆ ಕಾಣಿಸಿಕೊಂಡಾಗ ಹೈದರನ ಹಡಗುಗಳ ನಾಯಕರಲ್ಲಿ ಹಲವರು ಕಾದಾಡದೆ ಶತ್ರುವಿನ ಕಡೆಗೆ ಸೇರಿಕೊಂಡರು. ಹೊನ್ನಾವರವೂ ಮಂಗಳೂರೂ ಇಂಗ್ಲಿಷರ ಕೈಸೇರಿದವು. ಮೊದಲನೆಯ ನೌಕಾಬಲ ಹೀಗೆ ಒಂದು ಗುಂಡಿಗೂ ಬಲಿಯಾಗದೆ ಕರಗಿಹೋಯಿತು.

ಹೈದರನು ಎದೆಗುಂದಲಿಲ್ಲ. ಮೇ ತಿಂಗಳಿನ ಹೊತ್ತಿಗೆ ನೆಲದ ಮೇಲಿನಿಂದ ಬಂದು ಮಂಗಳೂರನ್ನು ಮರಳಿ ಪಡೆದನು. ಇಂಗ್ಲಿಷರು ತಮ್ಮ ಗಾಯಾಳುಗಳನ್ನೂ ಬಿಟ್ಟು ಹಡಗು ಹತ್ತಿ ಓಡಿದರು. ಮರುವರ್ಷ ಮಾರ್ಚ್ ಕೊನೆಯಲ್ಲಿ ಆರು ಸಾವಿರ ಕುದುರೆಗಳೊಡನೆ ಮಿಂಚಿನಂತೆ ಮದರಾಸಿನ ಹತ್ತಿರ ಪ್ರತ್ಯಕ್ಷನಾಗಿ, ೧೭೬೯ರ ಏಪ್ರಿಲಿನಲ್ಲಿ ತನಗೆ ಬೇಕಾದ ಒಪ್ಪಂದವನ್ನು ಬರೆಯಿಸಿಕೊಂಡನು. ಆಪತ್ತಿನಲ್ಲಿ ಪರಸ್ಪರ ನೆರವಾಗಬೇಕೆಂದು ಅದರಲ್ಲಿ ಒಪ್ಪಿದ್ದ ಇಂಗ್ಲಿಷರು, ೧೭೭೧ರಲ್ಲಿ ಮರಾಟೆಯವರು ಚಿನಕುರಳಿಯಲ್ಲಿ ಹೈದರನನ್ನು ಸದೆಬಡಿದಾಗ ಬೆರಳನ್ನೂ ಅಲ್ಲಾಡಿಸಲಿಲ್ಲ. ಆ ಹಗೆ ಅವನ ಮನಸ್ಸಿನಲ್ಲಿ ಹೊಗೆಯಾಡುತ್ತಲೇ ಇತ್ತು. ೧೭೭೯ರಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆಯನ್ನು ಕಿತ್ತುಕೊಂಡಾಗ ಅದು ಉರಿಯಾಯಿತು. ಮಾಹೆಯ ಮೂಲಕವೇ ಹೈದರನಿಗೆ ಕೋವಿಗಳೂ ಮದ್ದುಗುಂಡುಗಳೂ ಬರುತ್ತಿದ್ದುದರಿಂದ ಆ ಪುಟ್ಟ ಬಂದರು ಅವನ ಪಾಲಿಗೆ ಒಂದು ಸಂಸ್ಥಾನಕ್ಕೆ ಸಮಾನವಾಗಿತ್ತು.

ಈ ಹತ್ತು ವರ್ಷಗಳಲ್ಲಿ ಅವನು ಎರಡನೆಯ ಸಲ ಹಡಗುಗಳನ್ನು ಕಟ್ಟಿಸಿದ್ದನು. ಯುರೋಪಿನ ಕಮ್ಮಟಗಾರರ ಸಹಾಯದಿಂದ, ಈ ಬಾರಿ ಕೇವಲ ಕರಾವಳಿಯ ಗುರಾಬು ಗಲಿವತ್ತುಗಳಿಗೆ ತೃಪ್ತನಾಗದೆ, ಯುರೋಪಿನ ಮಾದರಿಯ ದೊಡ್ಡ ಹಡಗುಗಳಿಗೇ ಕೈಹಾಕಿದನು. ೧೭೮೦ರ ಕೊನೆಯಲ್ಲಿ ಅವುಗಳಲ್ಲಿ ಎರಡು ಮಂಗಳೂರಿನ ಮುಂದೆ ಅವನ ಬಾವುಟವನ್ನು ಹಾರಿಸುತ್ತ ಲಂಗರು ಹಾಕಿ ನಿಂತಿದ್ದವು: ಒಂದರಲ್ಲಿ ೨೮ ತೋಪು, ಇನ್ನೊಂದರಲ್ಲಿ ೨೬ ತೋಪು. ಜೊತೆಗೆ ಒಂದು ಗುರಾಬು, ಮೂರು ಕೆಚ್ಚುಗಳು, ಹಲವು ಸಣ್ಣ ನಾವೆಗಳು. ಬ್ರಿಟನ್ನಿನ ಮಹಾನೌಕೆಗಳ ಮುಂದೆ ಇವು ಚಿಕ್ಕವೇ. ಆದರೆ ಕನ್ನಡ ತೀರದ ದೊರೆಯೊಬ್ಬನು ಅಷ್ಟು ದೊಡ್ಡ ಯುದ್ಧನೌಕೆಗಳನ್ನು ನೀರಿಗಿಳಿಸಿದ್ದು ಅಪರೂಪದ ಸಂಗತಿ. ಅವುಗಳ ಹಾಯಿಮರಗಳನ್ನು ದಡದಿಂದ ನೋಡಿದ ಮೊಗವೀರನ ಎದೆ ಹಿಗ್ಗಿರಲೇಬೇಕು.

ಆಗ ಹೈದರನ ಅದೃಷ್ಟ ಉಚ್ಚಸ್ಥಾನದಲ್ಲಿತ್ತು. ಜುಲೈ ತಿಂಗಳಲ್ಲಿ ಸುಮಾರು ಎಂಬತ್ತು ಸಾವಿರ ಸೈನ್ಯದೊಡನೆ ಅವನು ಕರ್ನಾಟಕದ ಬಯಲಿಗೆ, ಎಂದರೆ ಆರ್ಕಾಟಿನ ನವಾಬನ ಸೀಮೆಗೆ, ಇಳಿದಿದ್ದನು. ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಿರ್ನಾಮವಾಯಿತು. ಮೈಸೂರಿನ ಬಾಣಗಳು ಅಂದು ಮಾಡಿದ ಕೆಲಸ ಇಂದು ಜಗತ್ತಿಗೇ ತಿಳಿದಿದೆ. ಸರ್ ಹೆಕ್ಟರ್ ಮನ್ರೋ ತನ್ನ ದೊಡ್ಡ ತೋಪುಗಳನ್ನು ಕಾಂಚೀಪುರದ ಕೆರೆಗೆ ಹಾಕಿ ಮದರಾಸಿಗೆ ಓಡಿದನು. ನವೆಂಬರ್ ಮೊದಲ ವಾರಕ್ಕೆ ಆರ್ಕಾಟೂ ಹೈದರನ ವಶವಾಯಿತು. ಭಾರತದಲ್ಲಿ ಇಂಗ್ಲಿಷರಿಗೆ ಅಂಥ ಪೆಟ್ಟು ಹಿಂದೆಂದೂ ಬಿದ್ದಿರಲಿಲ್ಲ.

ಇಂಗ್ಲಿಷರ ನೌಕಾನಾಯಕ ಸರ್ ಎಡ್ವರ್ಡ್ ಹ್ಯೂಸ್ ಈ ಸಮಯದಲ್ಲಿ ತನ್ನ ಹಡಗುಗಳನ್ನು ದುರಸ್ತಿಗಾಗಿ ಮದರಾಸಿನಿಂದ ಬೊಂಬಾಯಿಗೆ ಒಯ್ಯುತ್ತಿದ್ದನು. ಈಶಾನ್ಯ ಮಾರುತದ ಕಾಲದಲ್ಲಿ ಕೋರಮಂಡಲ ತೀರದಲ್ಲಿ ದೊಡ್ಡ ಹಡಗುಗಳು ನಿಲ್ಲುವಂತಿಲ್ಲ. ಅಲ್ಲಿ ಆಸರೆಯ ಬಂದರಿಲ್ಲ. ಹೀಗೆ ಬಿರುಗಾಳಿಗೆ ಅಂಜಿ ಹೊರಟವನ ದಾರಿಯಲ್ಲಿ ಮಂಗಳೂರು ಸಿಕ್ಕಿತು. ೧೭೮೦ರ ಡಿಸೆಂಬರ್ ೮ರಂದು ಅವನು ಹೈದರನ ಹಡಗುಗಳನ್ನು ಕಂಡನು.

ಅಂದು ನಡೆದುದನ್ನು ತಿಳಿಯಬೇಕಾದರೆ ಮಂಗಳೂರಿನ ಅಳಿವೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲನ್ನು ಸೇರುವ ಬಾಯಲ್ಲಿ ಮರಳಿನ ದಿಣ್ಣೆಯುಂಟು. ದೋಣಿ, ಮಚವೆಗಳು ಭರತ ನೋಡಿಕೊಂಡು ಒಳಹೊಕ್ಕು ಸುಖವಾಗಿ ನದಿಯಲ್ಲಿ ನಿಲ್ಲುತ್ತವೆ. ಭಾರವಾದ ತೋಪುಗಳನ್ನು ಹೊತ್ತು ನೀರಿನಲ್ಲಿ ಆಳವಾಗಿ ಕುಳಿತ ಹಡಗಿಗೆ ಆ ಬಾಗಿಲು ಮುಚ್ಚಿದಂತೆಯೇ. ಅದು ಹೊರಗೆ ತೆರೆದ ಕಡಲಿನಲ್ಲೇ ಲಂಗರು ಹಾಕಬೇಕು. (ಈ ತೊಂದರೆಯಿಂದಲೇ ನಮ್ಮ ಕಾಲದಲ್ಲಿ ಪಣಂಬೂರಿನಲ್ಲಿ ನೆಲ ತೋಡಿ ಹೊಸ ಬಂದರನ್ನು ಮಾಡಬೇಕಾಯಿತು, ೧೯೭೪ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು.) ಹೈದರನ ಹಡಗುಗಳು ದೊಡ್ಡವಾದುದೇ ಅವುಗಳ ಪಾಲಿಗೆ ಶಾಪವಾಯಿತು. ತಮ್ಮದೇ ಬಂದರಿನ ಬಾಗಿಲಲ್ಲಿ, ಒಳಗೆ ಹೋಗಲೂ ಆಗದೆ, ಹೊರಗೆ ಹೋಗಿ ಹ್ಯೂಸನ ಬಲಕ್ಕೆ ಎದುರು ನಿಲ್ಲಲೂ ಆಗದೆ ಅವು ಸಿಕ್ಕಿಬಿದ್ದವು.

ಆದರೆ ಹ್ಯೂಸನಿಗೂ ಅದೇ ತೊಡಕು. ಅವನ ಧ್ವಜನೌಕೆ ಸೂಪರ್ಬ್ ೭೪ ತೋಪುಗಳ ಭಾರೀ ಹಡಗು. ಅದನ್ನು ಆಳವಿಲ್ಲದ ನೀರಿಗೆ ತಂದರೆ ಮರಳಿಗೆ ಕೊಟ್ಟಂತೆ. ಅವನು ತನ್ನ ದೊಡ್ಡ ಹಡಗುಗಳನ್ನು ದೂರದಲ್ಲೇ ಇಟ್ಟು, ಸಣ್ಣ ಶಸ್ತ್ರನೌಕೆಗಳನ್ನು ಸಾಧ್ಯವಾದಷ್ಟು ಹತ್ತಿರ ನಿಲ್ಲಿಸಿ, ಅವುಗಳ ತೋಪುಗಳ ಮರೆಯಲ್ಲಿ ಹುಟ್ಟು ಹಾಕುವ ದೋಣಿಗಳನ್ನು ಕಳುಹಿಸಿದನು. ದಡದ ಕೋಟೆಯಿಂದ ಗುಂಡುಗಳು ಬಿದ್ದವು. ದೋಣಿಯವರಲ್ಲಿ ಹಲವರು ಸತ್ತರು, ಹಲವರು ಗಾಯಗೊಂಡರು. ಆದರೂ ಅವರು ಹಡಗುಗಳನ್ನು ಹತ್ತಿ ಬೆಂಕಿಯಿಟ್ಟರು. ೨೮ ತೋಪಿನದೂ ೨೬ ತೋಪಿನದೂ ನೀರಿನ ಮೇಲೆಯೇ ಉರಿದುಹೋದವು. ಕೆಚ್ಚುಗಳಲ್ಲಿ ಒಂದನ್ನು ಶತ್ರುವು ಹತ್ತುವ ಹೊತ್ತಿಗೆ ಅದರವರೇ ಮದ್ದಿಗೆ ಕಿಚ್ಚಿಟ್ಟು ಸಿಡಿಸಿದರು, ಇನ್ನೊಂದು ಸೆರೆಸಿಕ್ಕಿತು. ಮತ್ತೊಂದು ನೌಕೆಯ ನಾವಿಕರು ಮಾತ್ರ ತಮ್ಮ ತೋಪುಗಳನ್ನೆಲ್ಲ ಕಡಲಿಗೆ ಎಸೆದು ಹಗುರಾಗಿ, ದಿಣ್ಣೆ ದಾಟಿ ಬಂದರಿನೊಳಕ್ಕೆ ಹೊಕ್ಕು ಉಳಿದುಕೊಂಡರು. ಯುದ್ಧನೌಕೆಯನ್ನು ಯುದ್ಧನೌಕೆಯನ್ನಾಗಿ ಮಾಡುವ ತೋಪುಗಳನ್ನೇ ಬಿಸುಟ ಮೇಲೆ ಅದು ಬದುಕಿತು! ಹೈದರನ ಹದಿನೇಳು ವರ್ಷಗಳ ಪ್ರಯತ್ನ ದೋಣಿಯವರ ಕೈಯಲ್ಲಿ ಹೀಗೆ ಮುಗಿಯಿತು.

ಇಲ್ಲಿ ವಾಚಕರು ಒಂದು ಸಂದೇಹವನ್ನು ಎತ್ತಬಹುದು. ಹೈದರನ ಹಡಗುಗಳು ಇನ್ನೂ ದೊಡ್ಡವಾಗಿದ್ದರೆ ಉಳಿಯುತ್ತಿದ್ದವಲ್ಲವೆ? ನನಗೆ ಹಾಗೆ ತೋರುವುದಿಲ್ಲ. ಆ ಕಾಲದ ಮಹಾನೌಕೆಯ ಪಕ್ಕೆಗಳು ಬಹು ದಪ್ಪನಾದ ಮರದವು. ತೋಪಿನ ಗುಂಡು ಅವನ್ನು ಗಾಯಗೊಳಿಸಬಲ್ಲದು, ಮುಳುಗಿಸುವುದು ಕಷ್ಟ. ೧೭೮೨ರಿಂದ ೧೭೮೩ರವರೆಗೆ ಇದೇ ಹ್ಯೂಸನೂ ಫ್ರೆಂಚ್ ನೌಕಾನಾಯಕ ಸಫ್ರೇನನೂ ನಮ್ಮ ಪೂರ್ವ ಸಮುದ್ರದಲ್ಲಿ ಐದು ಮಹಾಕದನಗಳನ್ನು ಕಾದಿದರು. ಆ ಐದರಲ್ಲಿ ಎರಡು ಕಡೆಯ ಒಂದು ಮಹಾನೌಕೆಯೂ ಗುಂಡಿನಿಂದ ಮುಳುಗಲಿಲ್ಲ, ಒಂದೂ ಸೆರೆಸಿಕ್ಕಲಿಲ್ಲ. ಸಫ್ರೇನನು ಆ ವರ್ಷ ಎರಡು ಮಹಾನೌಕೆಗಳನ್ನು ಕಳೆದುಕೊಂಡದ್ದು ನಿಜ. ಒಂದು ತಿರುಕೋಣಮಲೆಯ ಬಾಗಿಲಿನ ಬಂಡೆಗೆ ತಾಗಿ ಒಡೆಯಿತು, ಇನ್ನೊಂದು ಕಡಲೂರಿನ ಮುಂದೆ ನೆಲ ಹತ್ತಿ ಹಾಳಾಯಿತು. ತೆರೆದ ಕಡಲಿನಲ್ಲಿ ಕೋಟೆಯಂತಿದ್ದ ಹಡಗಿಗೆ ದಡದ ಹತ್ತಿರ ಬಂಡೆ, ಮರಳು, ಬೆಂಕಿ ಈ ಮೂರೇ ಯಮದೂತರು. ಗಾತ್ರ ಹೆಚ್ಚಿದಷ್ಟೂ ಈ ಮೂರರ ಭಯ ಹೆಚ್ಚುತ್ತದೆ. ಹ್ಯೂಸನ ಹಡಗುಗಳು ಉಳಿದದ್ದು ದೊಡ್ಡವಾಗಿದ್ದುದರಿಂದಲ್ಲ. ಅವಕ್ಕೆ ಬೊಂಬಾಯಿಯಂಥ ಬಂದರಿತ್ತು, ಸುತ್ತ ಸಣ್ಣ ನೌಕೆಗಳಿದ್ದವು, ಸಂಬಳ ತಿಂದು ಪಳಗಿದ ಸಾವಿರಾರು ನಾವಿಕರಿದ್ದರು. ಹೈದರನು ಹಡಗನ್ನು ಕಟ್ಟಿಸಿದನು. ಹಡಗಿನ ಸುತ್ತಲಿನದನ್ನು ಕಟ್ಟಿಸಲು ಅವನಿಗೆ ಕಾಲ ಸಾಲಲಿಲ್ಲ, ಅಥವಾ ಅದು ತೋಪಿನ ಕಾರ್ಖಾನೆಯಂತೆ ಹಣ ಕೊಟ್ಟು ಕೊಳ್ಳುವ ವಸ್ತುವಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ.

ನಮ್ಮ ಕಾಲಕ್ಕೆ ಬಂದರೆ ದಡದ ಹತ್ತಿರದ ಆ ಭಯ ನಡುಗಡಲಿಗೂ ಹಬ್ಬಿದೆ. ವಿಮಾನ, ಜಲಾಂತರ್ಗಾಮಿ, ಕ್ಷಿಪಣಿ ಈ ಮೂರರಿಂದ ದೊಡ್ಡ ಹಡಗಿಗೆ ತಪ್ಪಿಸಿಕೊಳ್ಳುವ ಆಳವೇ ಇಲ್ಲದಂತಾಯಿತು. ೧೯೪೧ರ ಡಿಸೆಂಬರ್ ೧೦ರಂದು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎಂಬ ಎರಡು ಮಹಾನೌಕೆಗಳು ಮಲಯದ ಪೂರ್ವ ತೀರದಲ್ಲಿ ಜಪಾನಿನ ವಿಮಾನಗಳಿಗೆ ಸಿಕ್ಕಿ ಸುಮಾರು ಎರಡು ಗಂಟೆಗಳಲ್ಲಿ ಮುಳುಗಿದವು. ೮೪೦ ಜನ ಸತ್ತರು. ಮೊದಲನೆಯದು ಅದೇ ವರ್ಷ ಪಡೆ ಸೇರಿದ ಹೊಚ್ಚಹೊಸ ಹಡಗು. ಅವುಗಳ ಜೊತೆ ಬರಬೇಕಾಗಿದ್ದ ವಿಮಾನವಾಹಕ ನೌಕೆ ಜಮೈಕಾದ ಬಳಿ ನೆಲ ಹತ್ತಿ ಹಿಂದುಳಿದಿತ್ತು. ತಲೆಯ ಮೇಲೆ ಕಾಯುವ ವಿಮಾನ ಒಂದೂ ಇರಲಿಲ್ಲ. ಅಂದು ಗೆದ್ದ ಜಪಾನಿಗೆ ೧೯೪೫ರ ಏಪ್ರಿಲ್ ೭ರಂದು ಅದೇ ಗತಿ ಒದಗಿತು. ಜಗತ್ತಿನಲ್ಲೇ ಅತಿ ದೊಡ್ಡ ತೋಪುಗಳನ್ನು ಹೊತ್ತ ಯಮಾಟೊ ಅಮೆರಿಕದ ವಿಮಾನಗಳಿಂದ ಮುಳುಗಿ ಸುಮಾರು ೩,೦೦೦ ನಾವಿಕರನ್ನು ನುಂಗಿತು. ಅದರ ೪೬ ಸೆಂಟಿಮೀಟರ್ ಬಾಯಿಯ ತೋಪುಗಳಿಂದ ಏನೂ ಪ್ರಯೋಜನವಾಗಲಿಲ್ಲ.

ಮಂಗಳೂರಿನ ದೋಣಿಗಳನ್ನು ಹೆಚ್ಚು ನೆನಪಿಗೆ ತರುವುದು ೧೯೬೭ರ ಅಕ್ಟೋಬರ್ ೨೧ರ ಘಟನೆ. ಈಜಿಪ್ಟಿನ ಪುಟ್ಟ ಕ್ಷಿಪಣಿ ದೋಣಿಗಳು ಪೋರ್ಟ್ ಸೈದ್ ಬಂದರಿನಿಂದ ಹೊರಗೆ ಬರದೆಯೇ ಇಸ್ರೇಲಿನ ಐಲಾತ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. ೧೯೭೧ರ ಡಿಸೆಂಬರ್ ೪ರ ರಾತ್ರಿ ನಮ್ಮದೇ ನೌಕಾದಳದ ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿಯ ಮುಂದೆ ಇದೇ ವಿದ್ಯೆಯನ್ನು ತೋರಿದವು. ಐದು ದಿನಗಳಲ್ಲಿ ನಾವೂ ಬೆಲೆ ತೆತ್ತೆವು: ದೀವಿನ ಬಳಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಖುಕ್ರಿಯನ್ನು ಹೊಡೆದಾಗ ಕ್ಯಾಪ್ಟನ್ ಮುಲ್ಲಾ ಅವರೂ ಸೇರಿದಂತೆ ೧೯೪ ಮಂದಿ ಮಡಿದರು. ಆ ಯುದ್ಧದಲ್ಲಿ ನಮ್ಮ ಏಕೈಕ ವಿಮಾನವಾಹಕ ವಿಕ್ರಾಂತವನ್ನು ಉಳಿಸಿಕೊಂಡ ರೀತಿ ಗಮನಾರ್ಹ. ಅದನ್ನು ಮುಳುಗಿಸಲೆಂದೇ ಬಂದ ಗಾಜಿ ಎಂಬ ಜಲಾಂತರ್ಗಾಮಿ ವಿಶಾಖಪಟ್ಟಣದ ಮುಂದೆ ಹುಡುಕುತ್ತಿದ್ದಾಗ ವಿಕ್ರಾಂತವು ಅಂಡಮಾನಿನ ಕಡೆ ಅಡಗಿತ್ತು. ಅದು ವಿಶಾಖಪಟ್ಟಣದಲ್ಲೇ ಇದೆಯೆಂದು ನಂಬಿಸಲು ರಜಪೂತ ಎಂಬ ಹಳೆಯ ನೌಕೆಯನ್ನು ಬಳಸಲಾಗಿತ್ತು. ಗಾಜಿ ಅಲ್ಲಿಯೇ ಮುಳುಗಿತು. ವಿಕ್ರಾಂತದ ವಿಮಾನಗಳು ಪೂರ್ವ ಬಂಗಾಳದ ಬಂದರುಗಳ ಮೇಲೆ ಬಾಂಬು ಸುರಿದವು. ೨೦೨೨ರ ಏಪ್ರಿಲಿನಲ್ಲಿ ರಷ್ಯದ ಕಪ್ಪುಸಮುದ್ರದ ಧ್ವಜನೌಕೆ ಮಾಸ್ಕ್ವಾ ಮುಳುಗಿದಾಗ, ದಡದಿಂದ ಹಾರಿಸಿದ ಎರಡು ಕ್ಷಿಪಣಿಗಳಿಂದ ತಾವೇ ಹೊಡೆದೆವೆಂದು ಉಕ್ರೇನಿನವರು ಸಾರಿದರು. ರಷ್ಯವು ಬೆಂಕಿಯ ಅಪಘಾತವೆಂದಿತು. ದೊಡ್ಡ ಹಡಗುಗಳೇ ಇಲ್ಲದ ದೇಶವೊಂದು ದೊಡ್ಡ ಹಡಗನ್ನು ಹೊಡೆದ ಮಾತನ್ನು ಒಪ್ಪಲು ಅಭಿಮಾನ ಬಿಡದಿದ್ದುದು ಸಹಜವೇ.

ಇದನ್ನೆಲ್ಲ ನೋಡಿ ದೊಡ್ಡ ಹಡಗುಗಳ ಕಾಲ ಮುಗಿಯಿತೆಂದು ಹೇಳುವವರಿದ್ದಾರೆ. ಅವರ ಮಾತನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ವಿಕ್ರಾಂತದ ಉದಾಹರಣೆಯೇ ಅಡ್ಡ ಬರುತ್ತದೆ. ಆದರೆ ಇದು ನಮಗೆ ಸಂಬಂಧಪಡದ ಚರ್ಚೆಯಂತೂ ಅಲ್ಲ. ಹೈದರನ ಬಾವುಟ ಹಾರುತ್ತಿದ್ದ ಇದೇ ತೀರದ ಕಾರವಾರದಲ್ಲಿ ೨೦೦೫ರಲ್ಲಿ ಕದಂಬ ಎಂಬ ಹೆಸರಿನ ನೌಕಾನೆಲೆ ಆರಂಭವಾಯಿತು. ೨೦೧೩ರಲ್ಲಿ ನಮ್ಮ ನೌಕಾದಳವನ್ನು ಸೇರಿದ ವಿಕ್ರಮಾದಿತ್ಯವೆಂಬ ವಿಮಾನವಾಹಕಕ್ಕೆ ಅದೇ ತವರಾಯಿತು. ಅಂಥ ಹಡಗು ಹೊರಟಾಗ ಅದರ ಸುತ್ತ ಎಷ್ಟು ಸಣ್ಣ ನೌಕೆಗಳು, ನೀರಿನ ಕೆಳಗೆ ಏನು, ಮೇಲೆ ಯಾವ ವಿಮಾನ ಎಂಬ ಲೆಕ್ಕವೇ ಮೊದಲು ನಡೆಯುತ್ತದೆ. ಹೈದರನ ೨೮ ತೋಪಿನ ಹಡಗಿನ ಸುತ್ತ ಆ ಲೆಕ್ಕ ನಡೆದಿರಲಿಲ್ಲ.

ಮತ್ತೆ ಹೈದರನ ಕಡೆಗೆ ತಿರುಗೋಣ. ತನ್ನ ಹಡಗುಗಳು ಬೂದಿಯಾದ ಮೇಲೆ ಅವನಿಗೆ ಉಳಿದದ್ದು ಫ್ರೆಂಚರ ಹಡಗುಗಳ ನಿರೀಕ್ಷೆಯೊಂದೇ. ೧೭೮೧ರ ಆರಂಭದಲ್ಲಿ ಆ ನಿರೀಕ್ಷೆ ಫಲಿಸುವಂತೆಯೂ ಕಂಡಿತು. ಇಂಗ್ಲಿಷರ ಸೇನಾಪತಿ ಸರ್ ಐರ್ ಕೂಟನು ಕಡಲೂರಿನ ಬಳಿ ಆಹಾರವಿಲ್ಲದೆ ಸಿಕ್ಕಿಬಿದ್ದಿದ್ದನು. ನೆಲದ ದಾರಿಗಳನ್ನೆಲ್ಲ ಹೈದರನು ಕಟ್ಟಿದ್ದನು. ಹ್ಯೂಸ್ ಬೊಂಬಾಯಿಯಲ್ಲಿದ್ದನು. ಅಷ್ಟರಲ್ಲಿ ಡಾರ್ವ್ ಎಂಬ ನಾಯಕನ ಫ್ರೆಂಚ್ ಹಡಗುಗಳು ತೀರದಲ್ಲಿ ಕಾಣಿಸಿಕೊಂಡವು. ಇನ್ನು ಕೆಲವು ದಿನ ಅವು ಅಲ್ಲಿ ನಿಂತಿದ್ದರೆ ಕೂಟನು ಶರಣಾಗಬೇಕಾಗಿತ್ತು. ಹೈದರನು ಬೇಡಿಕೊಂಡನು. ಡಾರ್ವನಿಗೆ ತನ್ನ ಹಡಗುಗಳ ಕ್ಷೇಮದ ಚಿಂತೆಯೇ ದೊಡ್ಡದಾಯಿತು. ಫೆಬ್ರವರಿ ನಡುವಿನಲ್ಲಿ ಹಾಯಿ ಬಿಚ್ಚಿ ಮಾರಿಷಸ್ಸಿಗೆ ಹೊರಟುಹೋದನು. ಕಳೆದುಕೊಳ್ಳುವೆನೆಂಬ ಭಯದಿಂದ ಬಳಸದೆ ಉಳಿಸಿಕೊಂಡ ಹಡಗು ಸುಟ್ಟುಹೋದ ಹಡಗಿಗಿಂತ ಯ���ವ ರೀತಿಯಲ್ಲಿ ಮೇಲು? ಕೂಟನಿಗೆ ಕಡಲಿನ ಮೂಲಕ ಅನ್ನ ಬಂತು. ಜುಲೈ ೧ರಂದು ಪೋರ್ಟೋ ನೋವೋದಲ್ಲಿ ಅವನು ಹೈದರನನ್ನು ಸೋಲಿಸಿದನು. ಆ ದಿನವೂ ತೀರಕ್ಕೆ ಹತ್ತಿರ ಬಂದ ಇಂಗ್ಲಿಷರ ಒಂದು ಸಣ್ಣ ನೌಕೆ ಮೈಸೂರಿನ ಕುದುರೆಪಡೆಯ ಮೇಲೆ ಪಕ್ಕದಿಂದ ಗುಂಡು ಸುರಿಸಿತು.

ಸಫ್ರೇನನು ಡಾರ್ವನಂಥವನಲ್ಲ. ೧೭೮೨ರ ಜುಲೈನಲ್ಲಿ ಕಡಲೂರಿನ ಬಳಿ ಹೈದರನೂ ಅವನೂ ಭೇಟಿಯಾದರು. ಒಬ್ಬನು ನೆಲದಲ್ಲಿ ಅಸಮಾನ, ಇನ್ನೊಬ್ಬನು ನೀರಿನಲ್ಲಿ. ಇಬ್ಬರೂ ಮುಪ್ಪಿನ ಹೊಸ್ತಿಲಲ್ಲಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಹುಟ್ಟಿತೆಂದು ತಿಳಿದುಬರುತ್ತದೆ. ಆದರೆ ಆ ವೇಳೆಗೆ ತಡವಾಗಿತ್ತು. ಇಂಗ್ಲಿಷರ ಸೈನ್ಯವನ್ನು ನೆಲದ ಮೇಲೆ ಎಷ್ಟು ಬಾರಿ ಸೋಲಿಸಿದರೂ ಕಡಲನ್ನು ಬತ್ತಿಸುವುದು ತನ್ನಿಂದಾಗದೆಂದು ಹೈದರನು ಕೊನೆಗಾಲದಲ್ಲಿ ಪೂರ್ಣಯ್ಯನೊಡನೆ ಹೇಳಿಕೊಂಡು ಮರುಗಿದನೆಂಬ ಪ್ರತೀತಿಯುಂಟು. ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಂಡು ರಾಜ್ಯವಾಳಿದವನಿಗೆ ಮಂಗಳೂರಿನ ಹೊಗೆ ಮರೆತಿರಲಾರದು.

ಬೆನ್ನಿನ ಮೇಲೆ ಎದ್ದ ಕೆಟ್ಟ ಹುಣ್ಣೊಂದು ಉಲ್ಬಣಿಸಿ ೧೭೮೨ರ ಡಿಸೆಂಬರ್ ೭ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಹಡಗುಗಳು ಸುಟ್ಟು ಎರಡು ವರ್ಷ ತುಂಬಲು ಒಂದು ದಿನ ಉಳಿದಿತ್ತು. ಟಿಪ್ಪುವು ಆಗ ಮಲೆಯಾಳದ ಕಡೆ ಇದ್ದುದರಿಂದ ಅವನು ಬರುವವರೆಗೆ ಮಂತ್ರಿಗಳು ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟರು. ಶವವನ್ನು ಮೊದಲು ಕೋಲಾರದಲ್ಲಿಟ್ಟು ಅನಂತರ ಶ್ರೀರಂಗಪಟ್ಟಣಕ್ಕೆ ತಂದರು.

ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಬೊಂಬಾಯಿಯಿಂದ ಜನರಲ್ ಮ್ಯಾಥ್ಯೂಸನ ಸೈನ್ಯ ಹಡಗಿನಲ್ಲಿ ಬಂದು ಕನ್ನಡ ತೀರದಲ್ಲಿ ಇಳಿಯಿತು. ಕಡಲಿನಲ್ಲೇ ಅದನ್ನು ತಡೆಯಬಲ್ಲ ಹಡಗುಪಡೆ ಇರಲಿಲ್ಲ. ಹೊನ್ನಾವರ ಬಿತ್ತು, ಹೊಸಂಗಡಿ ಘಟ್ಟ ಹತ್ತಿ ಅವರು ಬಿದನೂರನ್ನೂ ಸೇರಿದರು, ಮಾರ್ಚಿನಲ್ಲಿ ಮಂಗಳೂರೂ ಅವರದಾಯಿತು. ಟಿಪ್ಪುವು ಧಾವಿಸಿ ಬಂದು ಬಿದನೂರನ್ನು ಮರಳಿ ಪಡೆದು, ಮಂಗಳೂರನ್ನು ತಿಂಗಳುಗಟ್ಟಲೆ ಮುತ್ತಿ, ೧೭೮೪ರ ಮಾರ್ಚ್ ೧೧ರಂದು ಅಲ್ಲಿಯೇ ಒಪ್ಪಂದ ಮಾಡಿಕೊಂಡನು. ತಂದೆಯ ಹಡಗಿನ ಹುಚ್ಚು ಮಗನಿಗೂ ಇಳಿದಿತ್ತು. ೧೭೯೬ರಲ್ಲಿ ಅವನು ೨೦ ಮಹಾನೌಕೆ, ೨೦ ಫ್ರಿಗೇಟು, ಒಟ್ಟು ೪೦ ಹಡಗುಗಳನ್ನು ಕಟ್ಟಲು ಆಜ್ಞೆ ಹೊರಡಿಸಿದನು. ಅಧಿಕಾರಿಗಳ ಹುದ್ದೆ, ಸಂಬಳ, ಹುಡುಗರಿಗೆ ನೌಕಾವಿದ್ಯೆ ಕಲಿಸುವ ಏರ್ಪಾಟು ಮೊದಲಾದ ಎಲ್ಲ ವಿವರಗಳನ್ನೂ ಬರೆಯಿಸಿದನು. ಕರಾವಳಿಯಲ್ಲಿ ಮೂರು ಕಡೆ ಹಡಗುಕಟ್ಟೆಗಳನ್ನು ನಿಗದಿ ಮಾಡಿ, ಘಟ್ಟದ ತೇಗವನ್ನು ಕಡಿದು ಸಾಗಿಸುವ ಆಜ್ಞೆಯೂ ಆಯಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ನಲವತ್ತರ ಪಡೆ ಕಡಲಿಗೆ ಇಳಿದಿರಲಿಲ್ಲ.